ಕೂಸಿಗೆ ಮೊದಲು ಕುಲಾವಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆಂಬ ಗಾದೆಯನ್ನು ನಮ್ಮ ಹಿರಿಯರು ಪರಿಹಾಸಕ್ಕಾಗಿ ಆಡುತ್ತಿದ್ದರು. ಈಗಿನ ಹಾಡುಗಾರರ ಪ್ರಪಂಚದಲ್ಲಿ ಅದು ಪರಿಹಾಸವಾಗಿ ಉಳಿದಿಲ್ಲ. ವ್ಯವಹಾರಶಾಸ್ತ್ರದ ಮೊದಲ ಸೂತ್ರವೇ ಆಗಿಬಿಟ್ಟಿದೆ. ಹಾಡು ಇನ್ನೂ ಕೊರಳಿನಿಂದ ಹೊರಬಿದ್ದಿರುವುದಿಲ್ಲ. ಅಷ್ಟರಲ್ಲಿಯೇ ಅದರ ಹೆಸರು, ಅದನ್ನು ಹಾಡುವವರ ಭಾವಚಿತ್ರ, ಅದು ಬಿಡುಗಡೆಯಾಗುವ ದಿನ, ಆ ದಿನಕ್ಕೆ ಇನ್ನೆಷ್ಟು ದಿನಗಳು ಉಳಿದಿವೆಯೆಂಬ ಎಣಿಕೆ, ಇವೆಲ್ಲವೂ ಜನರ ಮೊಬೈಲುಗಳಲ್ಲಿ ಮನೆಯಿಂದ ಮನೆಗೆ ಸಂಚಾರ ಮಾಡತೊಡಗುತ್ತವೆ. ಬೊಂಬಾಯಿ ಬೆಂಗಳೂರುಗಳಲ್ಲಿ ಇದು ನಡೆದರೆ ನಮಗೇನೆಂದು ಸುಮ್ಮನಿರಬಹುದಿತ್ತು. ಆದರೆ ಈ ವರ್ಷ ಆ ಕುಲಾವಿ ನಮ್ಮ ಮನೆಯ ಚಾವಡಿಯಲ್ಲಿಯೇ ಹೊಲಿಯಲ್ಪಡುತ್ತಿದೆ. ನನ್ನ ತಮ್ಮನ ಮಗಳು ಐದು ಹಾಡುಗಳ ಒಂದು ಆಲ್ಬಂ ಹೊರತರಲು ಹೊರಟಿದ್ದಾಳೆ.

ನಾರಾವಿಯನ್ನು ಕಾಣದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಬೆಳ್ತಂಗಡಿ ತಾಲೂಕಿನ ಅಂಚಿನಲ್ಲಿ, ಕಾರ್ಕಳದಿಂದ ಗುರುವಾಯನಕೆರೆಗೆ ಹೋಗುವ ಮಾರ್ಗದ ಮೇಲಿರುವ ಊರು ಇದು. ಸೂರ್ಯನಾರಾಯಣ ದೇವಸ್ಥಾನದಿಂದಾಗಿ ದೂರದವರಿಗೂ ಇದರ ಹೆಸರು ಪರಿಚಿತ. ಮೂಡಲಿಗೆ ಘಟ್ಟದ ಗೋಡೆ. ಅದರ ಬುಡದವರೆಗೂ ಅಡಿಕೆಯ ತೋಟ, ರಬ್ಬರಿನ ತೋಪು. ಮಳೆಗಾಲದಲ್ಲಿ ಒಂದು ಜೋರಾದ ಗಾಳಿ ಬೀಸಿತೆಂದರೆ ದೀಪವೂ ಹೋಯಿತು, ಮೊಬೈಲಿನ ಸಂಪರ್ಕವೂ ಹೋಯಿತು. ಇಂಥಲ್ಲಿ ಕುಳಿತು ಲೋಕಕ್ಕೆಲ್ಲ ಹಾಡು ಕೇಳಿಸುವೆನೆಂದು ಹೊರಡುವುದು ಧೈರ್ಯದ ಕೆಲಸವೇ ಸರಿ. ಆದರೆ ನೆರೆಹೊರೆಯನ್ನು ನೋಡಿದರೆ ಧೈರ್ಯಕ್ಕೆ ಕಾರಣವಿಲ್ಲದೆ ಇಲ್ಲ. ಒಂದು ಕಡೆಗೆ ಮೂಡುಬಿದಿರೆ. ‘ಭರತೇಶ ವೈಭವ’ವನ್ನು ಬರೆದ 16ನೆಯ ಶತಮಾನದ ರತ್ನಾಕರವರ್ಣಿಯ ಊರು. ಇನ್ನೊಂದು ಕಡೆಗೆ, ಕಾರ್ಕಳದಾಚೆ, ನಂದಳಿಕೆ. ಮುದ್ದಣನೆಂದು ಖ್ಯಾತನಾದ ಲಕ್ಷ್ಮೀನಾರಣಪ್ಪನು 1870ರಲ್ಲಿ ಹುಟ್ಟಿದ ಊರು. ಈ ಇಬ್ಬರನ್ನೂ ನಮ್ಮ ಹುಡುಗಿ ತನ್ನ ಆಲ್ಬಮ್ಮಿನೊಳಕ್ಕೆ ಎಳೆದು ತಂದಿದ್ದಾಳೆ. ಮುದ್ದಣನ ಯಕ್ಷಗಾನ ಪ್ರಸಂಗ ‘ರತ್ನಾವತೀ ಕಲ್ಯಾಣ’ದಿಂದ ಎರಡು ಪದಗಳು, ‘ಭರತೇಶ ವೈಭವ’ದಿಂದ ಒಂದಷ್ಟು ಸಾಂಗತ್ಯ ಪದ್ಯಗಳು, ತಾನೇ ಬರೆದ ಎರಡು ಹಾಡುಗಳು, ಒಟ್ಟು ಐದು.

ಈ ಆಯ್ಕೆಯಲ್ಲಿ ಭಕ್ತಿಯೆಷ್ಟೋ ಲೆಕ್ಕಾಚಾರವೂ ಅಷ್ಟೇ ಇದೆ. ನಮ್ಮ ದೇಶದ ಕಾಯಿದೆಯಂತೆ ಕವಿಯು ತೀರಿಕೊಂಡ ಮೇಲೆಯೂ 60 ವರ್ಷಗಳ ಕಾಲ ಅವನ ಬರಹದ ಹಕ್ಕು ಅವನ ವಾರಸುದಾರರದು. ಕುವೆಂಪು ಅವರು 1994ರಲ್ಲಿ ತೀರಿಕೊಂಡವರಾದುದರಿಂದ ಅವರ ಕವಿತೆಯನ್ನು ಹಾಡಿ ಮಾರಬೇಕಾದರೆ 2054ರ ಕೊನೆಯವರೆಗೂ ಅನುಮತಿ ಬೇಕು. ಮುದ್ದಣನಾದರೋ 1901ರಲ್ಲಿಯೇ ಕಣ್ಣು ಮುಚ್ಚಿದನು. ರತ್ನಾಕರನ ಮಾತಂತೂ ಕೇಳುವುದೇ ಬೇಡ. “ದೊಡ್ಡಪ್ಪ, ಇವರಿಬ್ಬರೂ ನಮ್ಮೊಡನೆ ಜಗಳಕ್ಕೆ ಬರುವುದಿಲ್ಲ” ಎಂದು ಹುಡುಗಿ ನಕ್ಕಳು. ಹಳೆಯ ಪದಗಳಿಗೆ ಗಿಟಾರು ಗಿಟಾರೆಂದು ಹೊಸ ವಾದ್ಯಗಳನ್ನು ಕೂಡಿಸುವುದೇಕೆಂದು ನಾನು ಕೇಳಿದ್ದಕ್ಕೆ ಅವಳಲ್ಲಿ ಉತ್ತರ ಸಿದ್ಧವಾಗಿತ್ತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರಲ್ಲಿ ಹೊರತಂದ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಪದಗಳನ್ನು ಹೀಗೆಯೇ ಹಾಡಿದರಷ್ಟೆ, 2010ರಲ್ಲಿ ಬಿ.ಬಿ.ಸಿ.ಯ ದೂರದರ್ಶನದಲ್ಲಿಯೂ ಅವರು ಹಾಡಿ ಬಂದರಷ್ಟೆ. ಷರೀಫರಿಗೆ ಅದರಿಂದ ಏನಾದರೂ ಕುಂದು ಬಂದಿತೇ ಎಂಬುದು ಅವಳ ಪ್ರಶ್ನೆ. ಬಂದಿಲ್ಲವೆಂದು ನಾನೂ ಒಪ್ಪಿದೆ.

ಆದರೆ ಐದರಲ್ಲಿ ನನ್ನ ಮನಸ್ಸು ನೆಟ್ಟಿರುವುದು ಒಂದೇ ಒಂದರ ಮೇಲೆ, ಸಾಂಗತ್ಯದ ಮೇಲೆ. ಅದರ ಧಾಟಿ ಹುಡುಗಿಗೆ ಬಂದದ್ದು ನನ್ನ ಸೋದರತ್ತೆಯಿಂದ. ಅವರಿಗೆ ಈಗ ಎಂಬತ್ತಾರು ವರ್ಷ. ಸಾಂಗತ್ಯವು ನಾಲ್ಕು ಸಾಲುಗಳ ಹಾಡುಗಬ್ಬವೆಂಬುದನ್ನು ವಾಚಕರು ಬಲ್ಲರು. ‘ಭರತೇಶ ವೈಭವ’ದಲ್ಲಿ ಅಂಥ ಪದ್ಯಗಳು ಸುಮಾರು ಹತ್ತು ಸಾವಿರ ಇವೆ. ದೀಪ ಹಚ್ಚಿದ ಮೇಲೆ ಅತ್ತೆಯ ತಾಯಿ ಅದರಲ್ಲಿ ದಿನಕ್ಕೆ ಹತ್ತೋ ಇಪ್ಪತ್ತೋ ಪದ್ಯ ಹಾಡುತ್ತಿದ್ದರು. ಬತ್ತಿ ಹೊಸೆಯುತ್ತ ಕುಳಿತ ಮಗಳ ಕಿವಿಗೆ ಅದು ಹಾಗೆಯೇ ಇಳಿಯಿತು. ಅಕ್ಷರಗಳು ಪುಸ್ತಕದಲ್ಲಿವೆ, ಯಾವ ಕಾಲಕ್ಕೂ ಸಿಕ್ಕುತ್ತವೆ. ನಾಲ್ಕನೆಯ ಸಾಲಿನ ಕೊನೆಯಲ್ಲಿ ಅತ್ತೆಯವರು ಎಳೆಯುವ ಆ ಎಳೆತ ಯಾವ ಪುಸ್ತಕದಲ್ಲಿಯೂ ಇಲ್ಲ. ನಮ್ಮ ಮನೆಯಲ್ಲಿ ಅದನ್ನು ಬಲ್ಲವರು ಈಗ ಇಬ್ಬರೇ. ಒಬ್ಬರಿಗೆ ಎಂಬತ್ತಾರು, ಇನ್ನೊಬ್ಬಳಿಗೆ ಇಪ್ಪತ್ತನಾಲ್ಕು.

ಆ ಹಾಡನ್ನು ಮುದ್ರಿಸುವ ದಿನ ನಾನೂ ಮಂಗಳೂರಿಗೆ ಹೋಗಿದ್ದೆ. ಸ್ಟುಡಿಯೋ ಎಂದೊಡನೆ ವಿಶಾಲವಾದ ಸಭಾಂಗಣವನ್ನೂ ಸಾಲಾಗಿ ಕುಳಿತ ವಾದ್ಯಗಾರರನ್ನೂ ಕಲ್ಪಿಸಿಕೊಳ್ಳಬಾರದು. ಮಹಡಿಯ ಮೇಲೆ ನಮ್ಮ ಅಡಿಗೆಮನೆಗಿಂತ ಚಿಕ್ಕದಾದ ಒಂದು ಕೋಣೆ. ಸದ್ದು ಪ್ರತಿಧ್ವನಿಸದಂತೆ ಗೋಡೆಗೆಲ್ಲ ಮೆತ್ತೆ. ಶಬ್ದವಾಗುವುದೆಂದು ಫ್ಯಾನು ಕೂಡ ಇಲ್ಲ. ಹುಡುಗಿ ಒಳಗೆ ನಿಂತು ಬೆವರುತ್ತ ಹಾಡಿದರೆ ಹೊರಗೆ ಕಂಪ್ಯೂಟರಿನ ಮುಂದೆ ಒಬ್ಬ ತರುಣ ಅವಳ ಧ್ವನಿಯನ್ನು ಗುಡ್ಡ ಕಣಿವೆಗಳಂತೆ ಪರದೆಯ ಮೇಲೆ ಕಾಣುತ್ತಾನೆ. ಕೊಳಲಿನವನು ಉಡುಪಿಯಲ್ಲಿ ತನ್ನ ಮನೆಯಲ್ಲಿಯೇ ಬಾರಿಸಿ ಕಳುಹಿಸಿದ್ದನು. ಮದ್ದಳೆ ಯಂತ್ರದೊಳಗಿನದು. ಹಾಡನ್ನು ಆದಿಯಿಂದ ಅಂತ್ಯದವರೆಗೆ ಒಮ್ಮೆಗೆ ಹಾಡುವ ಪದ್ಧತಿಯೂ ಇಲ್ಲ. ಒಂದು ಸಾಲು ಹಾಡು, ನಿಲ್ಲು. ಅದನ್ನೇ ಇನ್ನೊಮ್ಮೆ ಹಾಡು. ಐದರಲ್ಲಿ ಒಳ್ಳೆಯದನ್ನು ಆರಿಸಿ ಅಂಟಿಸು. ಕಿವಿಗೆ ಕಟ್ಟಿದ ಯಂತ್ರದಲ್ಲಿ ಟಕ್ ಟಕ್ ಎಂಬ ಸದ್ದು ತಾಳವನ್ನು ಕಾಯುತ್ತಿರುತ್ತದೆ. ಅದಕ್ಕೆ ಕೂದಲೆಳೆಯಷ್ಟೂ ತಪ್ಪುವಂತಿಲ್ಲ.

ಸಾಂಗತ್ಯವು ಆ ಟಕ್ ಟಕ್ಕಿಗೆ ಬಗ್ಗಲಿಲ್ಲ. ಅತ್ತೆಯವರ ಧಾಟಿಯಲ್ಲಿ ಪ್ರತಿ ಪದ್ಯದ ಕೊನೆಯ ಎಳೆತ ಉಸಿರಿದ್ದಷ್ಟು ಹೊತ್ತು. ಒಂದು ಪದ್ಯಕ್ಕೆ ಉದ್ದ, ಇನ್ನೊಂದಕ್ಕೆ ಗಿಡ್ಡ. ತರುಣನು ಒಳ್ಳೆಯವನು, ಕೆಲಸ ಬಲ್ಲವನು. “ಇದು ಗೆರೆಗೆ ಕೂರುವುದಿಲ್ಲ ಸರ್, ನಾನು ಸ್ವಲ್ಪ ಎಳೆದು ಕೂರಿಸುತ್ತೇನೆ” ಎಂದನು. ಕೂರಿಸಿದನು. ಕೇಳಿದೆವು. ಅತ್ತೆಯವರ ಹಳೆಯ ಸೀರೆಯನ್ನು ಯಾರೋ ಗಂಜಿ ಹಾಕಿ ಇಸ್ತ್ರಿ ಮಾಡಿ ತಂದಂತಿತ್ತು. ಬಣ್ಣ ಅದೇ, ಅಂಚು ಅದೇ, ಉಟ್ಟವರ ಮೈಯ ಗುರುತು ಮಾತ್ರ ಇಲ್ಲ. ಹುಡುಗಿ ಏನೂ ಹೇಳಲಿಲ್ಲ. ಹಿಂದಿರುಗುವ ಬಸ್ಸು ಮೂಡುಬಿದಿರೆ ದಾಟುವವರೆಗೂ ಮಾತಾಡಲಿಲ್ಲ.

ಯಂತ್ರಕ್ಕಾಗಿ ಹಾಡನ್ನು ಕತ್ತರಿಸುವುದು ಇಂದು ಹುಟ್ಟಿದ ಪಾಪವೆಂದು ತಿಳಿಯುವುದು ಸರಿಯಲ್ಲ. ಗ್ರಾಮೊಫೋನು ಕಂಪೆನಿಯ ಗೈಸ್‌ಬರ್ಗ್ ಎಂಬಾತನು 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಧ್ವನಿಯನ್ನು ಮುದ್ರಿಸಿಕೊಂಡಾಗ, ಗಂಟೆಗಟ್ಟಲೆ ಹಾಡಬಲ್ಲ ಆ ವಿದುಷಿ ಒಂದು ರಾಗವನ್ನು ಮೂರು ನಿಮಿಷಗಳಷ್ಟಕ್ಕೆ ಮಡಿಸಬೇಕಾಯಿತು. ತಟ್ಟೆಯಲ್ಲಿ ಇದ್ದ ಸ್ಥಳ ಅಷ್ಟೇ. ಹಾಡು ಮುಗಿಯುತ್ತಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಯಾಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಲು ಬೇರೆ ಉಪಾಯವಿರಲಿಲ್ಲ. ಕೆಲಸಗಾರರಿಗಾಗಿ ಹೇಳಿದ ಆ ಹೆಸರೇ ಮನೆಮನೆಯಲ್ಲಿ ಮೊಳಗಿ ಅವರಿಗೆ ಜಾಹೀರಾತಾಯಿತು. ಬೆಂಕಿಪೆಟ್ಟಿಗೆಯ ಮೇಲೂ ಅವರ ಚಿತ್ರ ಬಂತು. ಆ ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದು ನಮ್ಮ ಮೈಸೂರನ್ನು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಸಂಗೀತಗಾರರಾಗಿ ನಿಯಮಿತರಾದ ಅವರು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಅನಂತರದ ಧ್ವನಿಸುರುಳಿಯ ಕಾಲವನ್ನು ನಾನೇ ಕಂಡಿದ್ದೇನೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಕೂಡಿಸಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡದ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಮೂರು ನಿಮಿಷವಿದ್ದದ್ದು ಒಂದು ಮಗ್ಗುಲಿಗೆ ಮೂವತ್ತು ನಿಮಿಷವಾಯಿತು. ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಹೆಚ್ಚಾಗಿ ಓಡಿದ್ದು ಯಕ್ಷಗಾನದ ಸುರುಳಿಗಳು. ಭಾಗವತ ಕಾಳಿಂಗ ನಾವಡರು 1990ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ ಅಪಘಾತಕ್ಕೆ ತುತ್ತಾದರು. ಅವರ ಆಟವನ್ನು ಒಮ್ಮೆಯೂ ಕಣ್ಣಾರೆ ಕಾಣದ ಮಕ್ಕಳು ಸುರುಳಿ ಕೇಳಿ ಕೇಳಿ ಅವರ ಪದಗಳನ್ನು ಕಂಠಪಾಠ ಮಾಡಿಕೊಂಡರು. ಒಂದು ಮನೆಯಿಂದ ಸುರುಳಿ ತಂದು, ಇನ್ನೊಂದು ಸುರುಳಿಗೆ ಇಳಿಸಿಕೊಂಡು, ಮೂರನೆಯ ಮನೆಗೆ ಕೊಡುವುದೇ ಆಗಿನ ಪ್ರಚಾರ. ಕಂಪೆನಿಗೆ ಅದರಿಂದ ನಷ್ಟವೆಂಬುದು ನಿಜ. ಭಾಗವತರಿಗೆ ಕಿವಿಗಳ ನಷ್ಟವಂತೂ ಆಗಲಿಲ್ಲ.

ಈಗಿನ ಅಳತೆ ಮೂವತ್ತು ನಿಮಿಷವೂ ಅಲ್ಲ, ಮೂರು ನಿಮಿಷವೂ ಅಲ್ಲ. ಸ್ಪಾಟಿಫೈ ಎಂಬ ಹಾಡಿನ ಭಂಡಾರದಲ್ಲಿ ಕೇಳುವವನು ಮೂವತ್ತು ಸೆಕೆಂಡು ತಾಳಿಕೊಂಡರೆ ಮಾತ್ರ ಒಂದು ಸಲ ಕೇಳಿದಂತೆ ಲೆಕ್ಕ. ಒಂದು ವರ್ಷದಲ್ಲಿ ಅಂಥ ಸಾವಿರ ಲೆಕ್ಕಗಳು ತುಂಬದ ಹಾಡಿಗೆ ಕಾಸೂ ಇಲ್ಲ. ಅಲ್ಲಿನ ಅಧಿಕಾರಿಗಳ ಕಣ್ಣಿಗೆ ಹಾಡು ಬೀಳಬೇಕಾದರೆ ಬಿಡುಗಡೆಗೆ ವಾರಕ್ಕೂ ಮೊದಲೇ ಅರ್ಜಿ ಹಾಕಬೇಕು. ಯೂಟ್ಯೂಬಿನವರಾದರೆ ಸಾವಿರ ಮಂದಿ ಚಂದಾದಾರರೂ ವರ್ಷಕ್ಕೆ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆಯೂ ಆದ ಮೇಲೆ ಜಾಹೀರಾತಿನ ಹಣದಲ್ಲಿ ಪಾಲು ಕೊಡುತ್ತಾರೆ. ಇದನ್ನು ಕೇಳಿದ ನನ್ನ ತಮ್ಮನು ಅಡಿಕೆ ಮಂಡಿಯ ಚೀಟಿಯ ಹಿಂಭಾಗದಲ್ಲಿ ಲೆಕ್ಕ ಹಾಕಿದನು. ನಾಲ್ಕು ನಿಮಿಷದ ಹಾಡನ್ನು ಅರುವತ್ತು ಸಾವಿರ ಸಲ ಪೂರ್ತಿಯಾಗಿ ಕೇಳಿದರೆ ನಾಲ್ಕು ಸಾವಿರ ಗಂಟೆ. “ನಮ್ಮ ಊರಿನವರೆಲ್ಲ ಬೇರೆ ಕೆಲಸ ಬಿಟ್ಟು ಕುಳಿತರೂ ಆಗಲಿಕ್ಕಿಲ್ಲ” ಎಂದನು. ನಾನು ಯೋಚಿಸುತ್ತಿದ್ದುದು ಬೇರೆ. ನಮ್ಮ ಅತ್ತೆಯವರು ಹಾಡುವ ಮೊದಲು ಒಮ್ಮೆ ಕೆಮ್ಮಿ, ಶ್ರುತಿ ಹುಡುಕಿ, ಒಂದು ಆಲಾಪ ತೆಗೆಯುತ್ತಾರೆ. ಅಷ್ಟಕ್ಕೇ ಮೂವತ್ತು ಸೆಕೆಂಡು ಮುಗಿಯುತ್ತದೆ.

ಮನೆಯೊಳಗೆ ವಿರಸ ಹುಟ್ಟಿದ್ದು ಹಣದ ಪಟ್ಟಿ ಬಂದ ಮೇಲೆ. ಸ್ಟುಡಿಯೋ, ವಾದ್ಯಸಂಯೋಜನೆ, ವಾದ್ಯಗಾರರು, ಧ್ವನಿಯ ಒಪ್ಪ ಓರಣ, ಇವಕ್ಕೆಲ್ಲ 85 ಸಾವಿರ ರೂಪಾಯಿ. ಪ್ರಚಾರಕ್ಕೆ 1 ಲಕ್ಷದ 10 ಸಾವಿರ. ಪಾಯಸಕ್ಕಿಂತ ಪಾತ್ರೆಗೆ ಬೆಲೆ ಹೆಚ್ಚು! ಮೊದಲಿನ ಮೊತ್ತವನ್ನು ಹುಡುಗಿ ತಾನು ಶಾಲೆಯಲ್ಲಿ ಸಂಗೀತ ಕಲಿಸಿ ಕೂಡಿಟ್ಟದ್ದರಿಂದ ಹೊಂದಿಸಿದ್ದಳು. ಎರಡನೆಯದು ತೋಟದಿಂದಲೇ ಬರಬೇಕು. ತೋಟಕ್ಕೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹತ್ತಿದೆ; ಘಟ್ಟದ ಬುಡದ ತೋಟಗಳಲ್ಲಿ ಅದರ ಬಾಧೆ ಏನೆಂಬುದು ಬೆಳೆಗಾರರಿಗೆ ಗೊತ್ತು. ಸೋಗೆ ಒಣಗಿದ ಮರವನ್ನು ನೋಡುತ್ತ ಹಾಡಿನ ಜಾಹೀರಾತಿಗೆ ಹಣ ಎಣಿಸುವುದು ಯಾವ ತಂದೆಗೂ ಸುಲಭವಲ್ಲ. “ಅಣ್ಣಾ, ನೀವೇ ಹೇಳಿ. ನಾಳೆ ಇವಳ ಮದುವೆಯ ಮಾತು ಬಂದರೆ ಯಾರೆದುರಿಗೆ ಕೈಯೊಡ್ಡಲಿ?” ಎಂದು ತಮ್ಮನು ಕೇಳಿದನು. ಹುಡುಗಿ ಹೇಳಿದ ಮಾತೂ ನ್ಯಾಯವಾಗಿಯೇ ಇತ್ತು. “ಮದುವೆಗೆಂದರೆ ಸಾಲ ಮಾಡಿಯಾದರೂ ಕೊಡುತ್ತಿದ್ದಿರಿ ಅಪ್ಪಾ. ಅತ್ತೆಜ್ಜಿಯ ಹಾಡಿಗೆ ಮುಹೂರ್ತ ಕಾಯುವಷ್ಟು ಸಮಯವಿಲ್ಲ.”

ಪ್ರಚಾರದ ಪಟ್ಟಿಯನ್ನು ನಾನು ಒಂದೊಂದೇ ಸಾಲಾಗಿ ಓದಿಸಿದೆ. ಚಿತ್ರಪಟ, ಸರಿ. ಎರಡು ವೀಡಿಯೋ, ಆಗಲಿ. ಹದಿನೈದು ಸೆಕೆಂಡಿನ ತುಣುಕಿಗೆ ಹೆಜ್ಜೆ ಹಾಕಿ ತೋರಿಸುವ ನಾಲ್ಕು ಜನ ಪ್ರಸಿದ್ಧರಿಗೆ ಸಂಭಾವನೆ. ಅದೂ ಈ ಕಾಲದ ರೀತಿಯೆಂದು ಬಿಟ್ಟೆ. ಕೊನೆಯ ಸಾಲಿನಲ್ಲಿ, ಐವತ್ತು ಸಾವಿರ ವೀಕ್ಷಣೆಗಳಿಗೆ ಇಷ್ಟು ರೂಪಾಯಿ ಎಂದು ಬರೆದಿತ್ತು. ನೋಡುವವರು ಯಾರೆಂದು ದೂರವಾಣಿಯಲ್ಲಿಯೇ ವಿಚಾರಿಸಿದೆ. ನೋಡುವವರು ಯಾರೂ ಇಲ್ಲ. ಎಣಿಕೆ ಮಾತ್ರ ಏರುತ್ತದೆ, ಏರಿದ ಎಣಿಕೆಯನ್ನು ಕಂಡು ನಿಜವಾದ ಜನ ಬರುತ್ತಾರೆಂಬುದು ಆ ಪ್ರಚಾರಕರ ವಾದ. ಇಂಥ ಸುಳ್ಳೆಣಿಕೆಯನ್ನು ಕಂಡುಹಿಡಿದರೆ ಯೂಟ್ಯೂಬಿನವರೂ ಸ್ಪಾಟಿಫೈಯವರೂ ಅಳಿಸಿಹಾಕುತ್ತಾರೆ. ಹಾಡನ್ನೇ ತೆಗೆದುಬಿಡುವುದೂ ಉಂಟು. ಅದಿರಲಿ. ಬಾಡಿಗೆಗೆ ಅಳುವವರನ್ನು ಕರೆತರುವ ಪದ್ಧತಿ ಕೆಲವು ಕಡೆಗಳಲ್ಲಿತ್ತೆಂದು ಕೇಳಿದ್ದೇನೆ. ಅವರು ಕಡೆಗೆ ಮನುಷ್ಯರಾದರೂ ಆಗಿದ್ದರು. ಆ ಸಾಲನ್ನು ಹುಡುಗಿಯೇ ಪೆನ್ನಿನಿಂದ ಹೊಡೆದುಹಾಕಿದಳು, ನಾನು ಹೇಳುವ ತನಕ ಕಾಯಲಿಲ್ಲ.

ಪ್ರಚಾರವೇ ಬೇಡವೆಂದು ಹೇಳುವ ವೈರಾಗ್ಯ ನನ್ನಲ್ಲಿಲ್ಲ. ರತ್ನಾಕರವರ್ಣಿಯ ವಿಷಯವಾಗಿಯೇ ಒಂದು ಐತಿಹ್ಯವುಂಟು. ‘ಭರತೇಶ ವೈಭವ’ವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಬೇಕೆಂದು ಅವನು ಬಯಸಿದನಂತೆ; ಅದರ ಕೆಲವು ಪದ್ಯಗಳಿಗೆ ಆಕ್ಷೇಪವೆತ್ತಿ ಹಿರಿಯರು ಒಪ್ಪಲಿಲ್ಲವಂತೆ; ಕವಿಯು ಮುನಿದು ಮತವನ್ನೇ ತೊರೆದು ಹೋಗಿ, ಮುಂದೆ ಎಂದೋ ಮರಳಿದನಂತೆ. ಹತ್ತು ಸಾವಿರ ಪದ್ಯ ಬರೆದವನಿಗೂ ಒಂದು ಆನೆ ಬೇಕೆನಿಸಿತು. ಇದಕ್ಕೆ ತೀರ ವಿರುದ್ಧನಾದವನು ಮುದ್ದಣ. ಉಡುಪಿಯಲ್ಲಿ ವ್ಯಾಯಾಮ ಕಲಿಸುವ ಉಪಾಧ್ಯಾಯನಾಗಿದ್ದ ಆ ಬಡವನು ತಾನು ಬರೆದ ಕಾವ್ಯಗಳನ್ನು ಹಳೆಯ ಕಾಲದ ಗ್ರಂಥಗಳೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿ ತನ್ನ ಹೆಸರನ್ನೇ ಮರೆಸಿದನು. ಜನರು ಮೆಚ್ಚಿ ಓದಿದರು. ಬರೆದವನು ಇಂಥವನೆಂದು ಲೋಕಕ್ಕೆ ಚೆನ್ನಾಗಿ ತಿಳಿಯುವ ಹೊತ್ತಿಗೆ ಕ್ಷಯರೋಗ ಅವನನ್ನು ಮುಗಿಸಿತ್ತು. ಮೂವತ್ತೊಂದೇ ವರ್ಷ. ಅವನ ವಿನಯವನ್ನು ಹೊಗಳುವವರು ಬಹಳ. ನನಗೆ ಮಾತ್ರ ಆ ಕಥೆ ನೆನಪಾದಾಗಲೆಲ್ಲ ಹೊಟ್ಟೆ ಚುರುಕ್ಕೆನ್ನುತ್ತದೆ. ನಮ್ಮ ಹುಡುಗಿ ಮುದ್ದಣನಂತೆ ಮರೆಯಲ್ಲಿರಬೇಕೆಂದು ನಾನು ಎಂದೂ ಹೇಳಲಾರೆ.

ನನಗೆ ಒಪ್ಪಿಗೆಯಾಗುವ ಪ್ರಚಾರದ ಮಾದರಿ ನಮ್ಮ ಸೀಮೆಯಲ್ಲಿಯೇ ಇದೆ; ಅದು ಯಕ್ಷಗಾನದ ಕೇಳಿ. ಆಟವಿರುವ ದಿನ ಸಂಜೆ ಗದ್ದೆಯಲ್ಲಿ ಚೆಂಡೆ ಮದ್ದಳೆಗಳನ್ನು ಬಾರಿಸುತ್ತಾರೆ. ಗುಡ್ಡದಾಚೆಯ ಮನೆಯವರೂ ಆ ಸದ್ದು ಕೇಳಿ, ಇಂದು ಇಂಥಲ್ಲಿ ಆಟವಿದೆಯೆಂದು ಅರಿತು, ಬೇಗನೆ ಉಂಡು ಟಾರ್ಚು ಹಿಡಿದು ಹೊರಡುತ್ತಿದ್ದರು. ಡೇರೆ ಮೇಳಗಳ ಕಾಲದಲ್ಲಿ ಜೀಪಿಗೆ ಧ್ವನಿವರ್ಧಕ ಕಟ್ಟಿ ಕರಪತ್ರ ಎಸೆಯುತ್ತ ಹೋಗುವುದೂ ಬಂತು. ಮಕ್ಕಳಾಗಿದ್ದ ನಾವು ಆ ಬಣ್ಣದ ಕಾಗದಗಳಿಗಾಗಿ ಜೀಪಿನ ಹಿಂದೆ ಓಡಿದ್ದೂ ಓಡಿದ್ದೇ. ಆದರೂ ಕೇಳಿಯ ಗುಣ ಜೀಪಿಗಿಲ್ಲ. ಕೇಳಿಗೆ ಬಾರಿಸುವ ಚೆಂಡೆಯೇ ರಾತ್ರಿಯ ಆಟಕ್ಕೂ ಬಾರಿಸುವ ಚೆಂಡೆ. ಅದೇ ಕೈ, ಅದೇ ಕೋಲು. ಕೇಳಿಯನ್ನು ಕೇಳಿದವನಿಗೆ ಆಟದ ರುಚಿ ಒಂದಿಷ್ಟು ಆಗಲೇ ಸಿಕ್ಕಿರುತ್ತದೆ. ಚೆಂಡೆಯವನು ಅಲ್ಲಿ ಸೋತರೆ ಆಟಕ್ಕೆ ಜನ ಬರುವುದೂ ಇಲ್ಲ. ಹೆಜ್ಜೆ ಹಾಕುವ ಪ್ರಸಿದ್ಧರನ್ನು ನಾನು ಈ ಒರೆಗಲ್ಲಿಗೆ ಉಜ್ಜಿ ನೋಡಿದೆ. ಅವರ ಚೆಂಡೆ ಬೇರೆ, ನಮ್ಮ ಆಟ ಬೇರೆ.

ಈ ಮಾತನ್ನು ಹುಡುಗಿಗೆ ಹೇಳಿದೆ. ಅವಳು ಕೂಡಲೆ ಒಪ್ಪಲಿಲ್ಲ. “ಕೇಳಿ ಕೇಳಿಸುವುದು ಎರಡು ಮೈಲಿಗೆ ದೊಡ್ಡಪ್ಪ, ನನಗೆ ಅಮೆರಿಕದಲ್ಲಿರುವ ಕನ್ನಡಿಗರಿಗೂ ಕೇಳಿಸಬೇಕು” ಎಂದಳು. ಎರಡು ದಿನ ಕಳೆದ ಮೇಲೆ ತಾನಾಗಿಯೇ ಒಂದು ತೀರ್ಮಾನ ತಂದಳು. ಸಾಂಗತ್ಯವನ್ನು ಟಕ್ ಟಕ್ಕಿಲ್ಲದೆ, ಬರಿಯ ಶ್ರುತಿಯ ಮೇಲೆ, ಆದಿಯಿಂದ ಅಂತ್ಯದವರೆಗೆ ಒಂದೇ ಉಸಿರಿಗೆಂಬಂತೆ ಮತ್ತೊಮ್ಮೆ ಹಾಡುವುದು. ಅದಕ್ಕೆ ಮುನ್ನ ಮೊದಲ ಪದ್ಯವನ್ನು ಅತ್ತೆಯವರ ಕೊರಳಿನಲ್ಲಿಯೇ ಇಡುವುದು. ಮೊಬೈಲಿನಲ್ಲಿ ಮುದ್ರಿಸಿದ್ದರಲ್ಲಿ ಹಿಂದಿನಿಂದ ಮಳೆಯ ಸದ್ದೂ ಕೇಳುತ್ತದೆ, ಅದಿದ್ದರೂ ಇರಲಿ. ಬಿಡುಗಡೆಗೆ ಮುಂಚೆ ಜನರಿಗೆ ಹಂಚುವ ತುಣುಕು ಆ ಪದ್ಯವೇ. ಕೆಮ್ಮು, ಆಲಾಪ ಎಲ್ಲವೂ ಸೇರಿ ಐವತ್ತೆರಡು ಸೆಕೆಂಡು. ಪ್ರಸಿದ್ಧರ ಸಂಭಾವನೆಗೂ ಗೆರೆ ಬಿತ್ತು. ವೀಡಿಯೋವನ್ನು ಅವಳ ಜೊತೆ ಓದಿದ ಇಬ್ಬರು ಹುಡುಗರು ತೆಗೆದುಕೊಡುತ್ತಾರೆ. ಅವರಿಗೆ ಎರಡು ದಿನದ ಊಟ, ಬಸ್ಸಿನ ಖರ್ಚು, ಮತ್ತು ಕೈತುಂಬ ಅಲ್ಲದಿದ್ದರೂ ಮನಸ್ಸು ನೋಯದಷ್ಟು ಸಂಭಾವನೆ. ಪಟ್ಟಿ 1 ಲಕ್ಷದ 10 ಸಾವಿರದಿಂದ 32 ಸಾವಿರಕ್ಕೆ ಇಳಿಯಿತು. ವಾದ್ಯಸಂಯೋಜಕನೊಡನೆ ಹಕ್ಕಿನ ಒಪ್ಪಂದವನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದ ಮೇಲೆ ಬರೆಯಿಸಬೇಕೆಂಬ ನನ್ನ ಹಟವನ್ನೂ ನಡೆಸಿಕೊಟ್ಟಳು. ತಮ್ಮನು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ಯಾರೊಡನೆಯೂ ಹೇಳದೆ, ಒಣಗಿಸಿ ಇಟ್ಟಿದ್ದ ಅಡಿಕೆಯನ್ನು ರಿಕ್ಷಾಕ್ಕೆ ಹೇರಿಸಿ ಕಾರ್ಕಳಕ್ಕೆ ಹೋದನು.

ಬಿಡುಗಡೆಯನ್ನು ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಡುವ ಸಮಯಕ್ಕೆ ಇಟ್ಟುಕೊಂಡಿದ್ದಾರೆ. ಅತ್ತೆಯವರಿಗೆ ಆಲ್ಬಂ ಎಂದರೆ ಫೋಟೋ ಅಂಟಿಸುವ ಪುಸ್ತಕವೆಂದೇ ಇಂದಿಗೂ ಗ್ರಹಿಕೆ. ಅದರಲ್ಲಿ ತಮ್ಮ ಪಟ ಯಾವ ಪುಟದಲ್ಲಿದೆಯೆಂದು ಎರಡು ಸಲ ವಿಚಾರಿಸಿದ್ದಾರೆ. ಇನ್ನು ಉಳಿದಿರುವುದು ಒಂದೇ ತೊಡಕು. ಹಾಡನ್ನು ಕಂಪೆನಿಗೆ ಕಳುಹಿಸುವ ಅರ್ಜಿಯಲ್ಲಿ ಗಾಯಕರ ಹೆಸರಿಗೆಂದು ಒಂದು ಚೌಕವಿದೆ. ಒಮ್ಮೆ ತುಂಬಿದರೆ ಆಮೇಲೆ ಬದಲಾಯಿಸುವುದು ರಗಳೆಯಂತೆ. ಬರಿಯ ತನ್ನ ಹೆಸರು ಸಾಕೆಂದು ಹುಡುಗಿ ಹೇಳುತ್ತಾಳೆ. ಊರಿನ ಹೆಸರು ಮುಂದಿರಲೇಬೇಕೆಂದು ಈಗ ತಮ್ಮನ ವಾದ. ಅತ್ತೆಯವರ ಹೆಸರೂ ಸೇರಬೇಕೆಂದು ನಾನು ಹಿಡಿದಿದ್ದೇನೆ. ಅತ್ತೆಯವರಾದರೋ ಯಾರದೂ ಬೇಡ, ರತ್ನಾಕರನದು ಬರೆದರೆ ಸಾಕೆಂದು ಹೇಳಿ ಮಲಗಿಕೊಂಡರು. ಇದನ್ನು ಬರೆಯುತ್ತಿರುವ ಈ ರಾತ್ರಿ ಚೌಕ ಖಾಲಿಯಾಗಿಯೇ ಇದೆ. ಅರ್ಜಿ ಕಳುಹಿಸಲು ಇನ್ನು ಒಂಬತ್ತು ದಿನಗಳಿವೆ.